ಕೈ ಅಂದ್ರೆ ಕೋಳಿ, ಖೈ ಅಂದ್ರೆ ಮೊಟ್ಟೆ: ಈಸಾನಿನಲ್ಲಿ ಇಂಗ್ಲಿಷ್ ಮೇಷ್ಟ್ರ ದಿನಚರಿ ಹಳಿಗೆ ಬಂದ ಬಗೆ

ನಾನ್-ನೇಟಿವ್ (ಇಂಗ್ಲಿಷ್ ತಾಯ್ನುಡಿಯಲ್ಲದ) ಮೇಷ್ಟ್ರು, ಮಾಂಸಾಹಾರದಲ್ಲಿ ಮೊಟ್ಟೆ ಬಿಟ್ಟರೆ ಬೇರೇನೂ ಮುಟ್ಟದವನು, ಕೆಲಸ ಬ್ಯಾಂಕಾಕಿನಲ್ಲಲ್ಲ, ಥಾಯ್ಲೆಂಡಿನ ಈಶಾನ್ಯ ಭಾಗವಾದ ಈಸಾನಿನಲ್ಲಿ. ಈ ಮೂರೂ ಒಬ್ಬನಲ್ಲೇ ಸೇರಿದರೆ ಒಂದು ಟರ್ಮ್ ದಾಟುವುದಿಲ್ಲ ಅಂತ ಥಾಯ್ಲೆಂಡಿನಲ್ಲಿ ಮೊದಲೇ ಪಾಠ ಮಾಡುತ್ತಿದ್ದವರೆಲ್ಲ ಹೇಳಿದ್ದರು. ಖೊನ್ ಕೆನ್‌ನಿಂದ ಬಸ್ಸಿನಲ್ಲಿ ಗಂಟೆ ದೂರದ ಈ ಊರಲ್ಲಿ ಈಗ ನಾಲ್ಕನೇ ಟರ್ಮ್ ನಡೀತಿದೆ, ತೂಕ ಇಳಿದಿಲ್ಲ, ತಿಂಗಳಿಗೆ ಒಂಬತ್ತು ಸಾವಿರ ಬಾಟ್ ಹತ್ತಿರ ಉಳೀತಿದೆ. ಕನ್ನಡದ ಲಿಪಿಯಲ್ಲಿ ಥಾಯ್ ಬರೆದುಕೊಂಡು ಕಲಿಯುತ್ತೇನೆ ಅಂದಾಗ ನಕ್ಕವರೂ ಇದ್ದರು. ಅವರಲ್ಲಿ ಇಬ್ಬರು ಈಗ ನನ್ನ ಪುಸ್ತಕದ ಫೋಟೋ ಕೇಳಿದ್ದಾರೆ. ಟೊಯಿಕ್ (ಇಂಗ್ಲಿಷ್ ಪರೀಕ್ಷೆ) ಅಂಕ, ಕೆಲಸಕ್ಕೆ ಬೇಕಾದ ನಾನ್-ಬಿ ವೀಸಾ, ಪದವಿ ಪತ್ರದ ಮೇಲಿನ ಮುದ್ರೆಗಳು, ಇವನ್ನೆಲ್ಲ ಮುಗಿಸಿಕೊಂಡವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ದುಡ್ಡು ಕಳೆದುಕೊಂಡ ದಾರಿಗಳು ಮೊದಲು. ಫೋನಿನ ಆ್ಯಪ್‌ಗೆ ವರ್ಷದ ಚಂದಾ ಸುಮಾರು ಎರಡು ಸಾವಿರ ಬಾಟ್, ಮನೆಪಾಠಕ್ಕೆ ಗಂಟೆಗೆ 300ರಂತೆ ಹತ್ತು ಗಂಟೆ. ಎರಡೂ ರೋಮನ್ ಅಕ್ಷರದಲ್ಲಿ ಥಾಯ್ ಕಲಿಸುವಂಥವು, ಎರಡೂ ದಂಡ. ಥಾಯ್ ಭಾಷೆಯಲ್ಲಿ ಕ ಬೇರೆ, ಖ ಬೇರೆ. ತ ಬೇರೆ, ಥ ಬೇರೆ. ಪ ಬೇರೆ, ಮಹಾಪ್ರಾಣದ ಫ ಬೇರೆ. ರೋಮನ್‌ನಲ್ಲಿ ಬರೆಯುವವರು ಒಬ್ಬೊಬ್ಬರು ಒಂದೊಂದು ಥರ ಬರೆದು ಇದನ್ನು ಕಲಸುಮೇಲೋಗರ ಮಾಡಿಬಿಡುತ್ತಾರೆ. ಇಂಗ್ಲಿಷ್ ತಾಯ್ನುಡಿಯವರು ವರ್ಷಗಟ್ಟಲೆ ಒದ್ದಾಡುವ ಈ ವ್ಯತ್ಯಾಸವನ್ನು ನಮಗೆ ಒಂದನೇ ಕ್ಲಾಸಿನಲ್ಲೇ ಬಾಯಿಪಾಠ ಮಾಡಿಸಿದ್ದಾರೆ. ಆದರೆ ಮಾತಾಡುವಾಗ ನಾವೂ ಮಹಾಪ್ರಾಣ ನುಂಗುವವರೇ. 'ಕೈ' ಅಂದರೆ ಕೋಳಿ, 'ಖೈ' ಅಂದರೆ ಮೊಟ್ಟೆ. ಎರಡಕ್ಕೂ ಒಂದೇ ಕೆಳದನಿ, ವ್ಯತ್ಯಾಸ ಉಸಿರಿನಲ್ಲಿ ಮಾತ್ರ. ಊಟದ ಗಾಡಿಯ ಮುಂದೆ 'ಖೈ' ಅನ್ನುವಾಗ ಅಂಗೈಯನ್ನು ಬಾಯಿ ಮುಂದೆ ಹಿಡಿದು ಗಾಳಿ ತಾಗುತ್ತದೋ ನೋಡಿಕೊಳ್ಳಿ. ತಾಗದಿದ್ದರೆ ತಟ್ಟೆಗೆ ಕೋಳಿ ಬೀಳುತ್ತದೆ, ಮತ್ತೆ 50 ಬಾಟ್ ಕೊಡಬೇಕು.

ಥಾಯ್ ವ್ಯಂಜನ 44, ಅದರಲ್ಲಿ ಎರಡು ಬಳಕೆ ತಪ್ಪಿವೆ. ಜೋಡಣೆ ನಮ್ಮ ವರ್ಗಗಳದ್ದೇ: ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ, ಕೊನೆಗೆ ಯರಲವ. ಶ ಷ ಸ ಮೂರೂ ಇವೆ, ಮೂರನ್ನೂ ಸ ಅಂತಲೇ ಓದುತ್ತಾರೆ. ಳ ಕೂಡ ಇದೆ. ಹಾಗಾಗಿ ಪಟ್ಟಿಯನ್ನು ಹಾಡಿನ ಹಾಗೆ ಉರು ಹೊಡೆಯುವ ಬದಲು ಕನ್ನಡ ವರ್ಣಮಾಲೆಯ ಪಕ್ಕದಲ್ಲಿ ಇಟ್ಟುಕೊಂಡು ಹೊಂದಿಸುತ್ತಾ ಹೋಗಿ. ದಿನಕ್ಕೆ 40 ನಿಮಿಷದಂತೆ ಮೂರು ವಾರ ಸಾಕು. ನೆನಪಿಡಬೇಕಾದ ದೊಡ್ಡ ಸೂತ್ರ ಒಂದೇ: ನಮ್ಮ ಗ, ದ, ಬ ಇದ್ದ ಜಾಗದಲ್ಲಿ ಅವರ ಬಾಯಲ್ಲಿ ಖ, ಥ, ಫ ಬರುತ್ತದೆ. ಗುರು 'ಖ್ರೂ' ಆಗುತ್ತಾನೆ, ದೋಷ 'ಥೋತ್' ಆಗುತ್ತದೆ (ಕ್ಷಮೆ ಕೇಳುವ 'ಖೋ ಥೋತ್' ಇದೇ), ಭಾಷಾ 'ಫಾಸಾ' ಆಗುತ್ತದೆ. ಪದದ ಕೊನೆಯ ರ, ಲ ಎರಡೂ ನ ಆಗುತ್ತವೆ, ಆದ್ದರಿಂದ ಆಹಾರ 'ಆಹಾನ್'. ಇಷ್ಟು ಗೊತ್ತಾದರೆ ಬೋರ್ಡುಗಳು ತಾವೇ ಬಿಚ್ಚಿಕೊಳ್ಳುತ್ತವೆ. ಪ್ರಾಥಮಿಕ ಶಾಲೆ 'ಪ್ರಥೋಮ್', ಪ್ರೌಢಶಾಲೆ 'ಮತ್ಥಯೋಮ್' (ಮಧ್ಯಮ), ನಿಲ್ದಾಣ 'ಸಥಾನೀ', ಕಂಪನಿ 'ಬೊರಿಸತ್' (ಪರಿಷತ್), ಸೊನ್ನೆ 'ಸೂನ್' (ಶೂನ್ಯ). ವಾರದ ದಿನಗಳು ಆದಿತ್ಯ, ಚಂದ್ರ, ಅಂಗಾರಕ, ಬುಧ ಅಂತಲೇ ಸಾಗುತ್ತವೆ.

ನೋಟ್ ಪುಸ್ತಕದಲ್ಲಿ ಮೂರು ಎಚ್ಚರಿಕೆ. ಮಹಾಪ್ರಾಣದ ಫಕ್ಕೂ 'ಫ್ಯಾನ್' ಅನ್ನುವಾಗಿನ ಫಕ್ಕೂ ಬೇರೆ ಗುರುತಿರಲಿ. ಎರಡನೆಯದರ ಕೆಳಗೆ ಎರಡು ಚುಕ್ಕೆ ಇಡಿ, ಇಲ್ಲದಿದ್ದರೆ ಆರನೇ ಪುಟದ ಹೊತ್ತಿಗೆ ಎಲ್ಲ ಕಲಸಿಹೋಗುತ್ತದೆ. ತುಟಿ ಅಗಲಿಸಿ ಹೇಳುವ ಒಂದು ಉಕಾರವಿದೆ, ಕನ್ನಡದಲ್ಲಿ ಇಲ್ಲ. ತುಳು ಬಲ್ಲವರಿಗೆ ಅದು ಬಿಟ್ಟಿ: ತುಳು ಪದಗಳ ಕೊನೆಯ ಅರೆ ಉಕಾರವೇ ಅದು. ಮೂರನೆಯದು ದನಿ. ದನಿಗಳು ಐದು: ಸಮ, ಕೆಳಗಿನದು, ಇಳಿಯುವುದು, ಮೇಲಿನದು, ಏರುವುದು. ಮಂತ್ರದ ಪುಸ್ತಕಗಳಲ್ಲಿ ಅನುದಾತ್ತಕ್ಕೆ ಅಕ್ಷರದ ಕೆಳಗೆ ಅಡ್ಡಗೆರೆ, ಸ್ವರಿತಕ್ಕೆ ತಲೆಯ ಮೇಲೆ ಉದ್ದಗೆರೆ ಹಾಕಿರುತ್ತಾರಲ್ಲ, ಅದನ್ನೇ ಎತ್ತಿಕೊಂಡೆ. ಕೆಳದನಿಗೆ ಅಡಿಗೆರೆ, ಮೇಲ್ದನಿಗೆ ಮೇಲ್ಗೆರೆ, ಸಮದನಿಗೆ ಏನೂ ಇಲ್ಲ. ಇಳಿಯುವ, ಏರುವ ದನಿಗಳನ್ನು ಅಕ್ಷರ ನೋಡಿದ ಕೂಡಲೇ ಗುರುತಿಸುವುದಕ್ಕೆ ಮಾಡಿಕೊಂಡ ಒಂದು ಪುಟದ ಚೌಕ ಮಾತ್ರ ನನ್ನಲ್ಲೇ ಇರಲಿ. ಅದಕ್ಕೆ ಒಂದು ಇಡೀ ಬೇಸಿಗೆ ರಜೆ ಖರ್ಚಾಗಿದೆ. ದನಿಯಲ್ಲಿ ಏನಿದೆ ಮಹಾ ಅನ್ನುವವರಿಗೆ ಒಂದೇ ಉದಾಹರಣೆ: 'ಕ್ಲೈ' ಅಂತ ಸಮವಾಗಿ ಹೇಳಿದರೆ ದೂರ, ಇಳಿಸಿ ಹೇಳಿದರೆ ಹತ್ತಿರ. ಬಾಡಿಗೆ ರೂಮು ಹುಡುಕುವಾಗ ಇದು ತಪ್ಪಿದರೆ ಶಾಲೆಯಿಂದ ಎಂಟು ಕಿಲೋಮೀಟರ್ ಆಚೆ ಹೋಗಿ ಬೀಳುತ್ತೀರಿ.

ಇನ್ನು ಊಟ. ಬಿಟ್ಟು ಹೋಗುವವರು ಹೆಚ್ಚಾಗಿ ಸೋಲುವುದು ಇಲ್ಲೇ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

'ಮಾಂಸ ಬೇಡ' ಅಂದರೆ ಮಾಂಸದ ತುಂಡು ಮಾತ್ರ ಬಿಡುತ್ತಾರೆ. ಬಾಣಲೆಗೆ ಬೀಳುವ ನಾಮ್ ಪ್ಲಾ (ಮೀನಿನ ರಸ), ನಾಮ್ ಮಾನ್ ಹೊಯ್ (ಸಿಂಪಿ ಮಾಂಸದ ಸಾಸ್), ಹಂದಿಯ ರುಚಿಯ ಮಸಾಲೆ ಪುಡಿ, ಎಲುಬು ಬೇಯಿಸಿದ ನೀರು, ಈ ನಾಲ್ಕೂ ಅವರ ಲೆಕ್ಕದಲ್ಲಿ ಮಾಂಸವಲ್ಲ. ಒಂದೊಂದನ್ನೂ ಹೆಸರಿಟ್ಟು ಬೇಡ ಅನ್ನಬೇಕು: 'ಮೈ ಸೈ ನಾಮ್ ಪ್ಲಾ, ಮೈ ಸೈ ನಾಮ್ ಮಾನ್ ಹೊಯ್, ಮೈ ಸೈ ಫೋಂಗ್ ಪ್ರುಂಗ್ ರೋತ್'. ಈ 'ರೋತ್' ನಮ್ಮ ರಸವೇ. ಬೇಡ ಅಂದು ಸುಮ್ಮನಾದರೆ ಉಪ್ಪಿಲ್ಲದ ಊಟ ಬರುತ್ತದೆ, ಆದ್ದರಿಂದ ಕೊನೆಗೆ 'ಸೈ ಸೀ ಇವ್ ಖಾವ್', ಅಂದರೆ ತೆಳು ಸೋಯಾ ಸಾಸ್ ಹಾಕಿ, ಅಂತ ಸೇರಿಸಿ. ಈಸಾನಿನಲ್ಲಿ ಐದನೆಯದೂ ಒಂದಿದೆ, ಹುಳಿಬರಿಸಿದ ಮೀನು, ಪ್ಲಾ ರಾ. ಇಲ್ಲಿನ ಮಾತಲ್ಲಿ ಪ್ಲಾ ಡೇಕ್. ಹಸಿ ಪಪ್ಪಾಯಿ ಕೋಸಂಬರಿ ಕುಟ್ಟಿಕೊಡುವವರ ಹತ್ತಿರ 'ಬೊ ಸೈ ಪ್ಲಾ ಡೇಕ್' ಅಂದರೆ ನಗುತ್ತಾರೆ, ಆದರೆ ಹಾಕುವುದಿಲ್ಲ. ಒರಳು ತೊಳೆದುಕೊಡಿ ಅಂತಲೂ ಕೇಳಬೇಕು, ಹಿಂದಿನ ಗಿರಾಕಿಯ ಒಣ ಸೀಗಡಿ, ಏಡಿ ಅದರಲ್ಲೇ ಇರುತ್ತದೆ.

ತರಕಾರಿ ಊಟಕ್ಕೆ ಎರಡು ಹೆಸರಿವೆ. ಒಂದು 'ಮಾಂಗ್ಸವಿರತ್', ಬಿಡಿಸಿದರೆ ಮಾಂಸವಿರತಿ. ಎಷ್ಟು ಚೆಂದದ ಪದ! ಆದರೆ ಸಂತೆಯ ಅಜ್ಜಿಯರಿಗೆ ಅದು ಪುಸ್ತಕದ ಪದ, ಅರ್ಧ ಜನ ಮುಖ ಮುಖ ನೋಡುತ್ತಾರೆ. ಇನ್ನೊಂದು 'ಜೇ', ಇದು ಎಲ್ಲರಿಗೂ ಗೊತ್ತು. ಜೇ ಅಂದರೆ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ 17ರ ಹಾಗೆ ಕಾಣುವ ಅಕ್ಷರ ಇದ್ದರೆ ಅದು ಜೇ ಅಂಗಡಿ, ಕಣ್ಣು ಮುಚ್ಚಿಕೊಂಡು ತಿನ್ನಿ. ನಮ್ಮೂರಿನಲ್ಲಿ ಅಂಥದ್ದು ಒಂದೇ ಇದೆ, ಮಧ್ಯಾಹ್ನ ಒಂದರ ಹೊತ್ತಿಗೆ ಪಾತ್ರೆ ಖಾಲಿ. ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಬರುವ ಜೇ ಹಬ್ಬದ ಒಂಬತ್ತು ದಿನ ಮಾತ್ರ ಊರ ತುಂಬ ಹಳದಿ ಬಾವುಟ.

ಗಾಡಿ ಊಟಕ್ಕೆ ಹೋಗುವ ಹೊತ್ತೂ ಮುಖ್ಯ. ಹನ್ನೆರಡರಿಂದ ಒಂದರ ನಡುವೆ ಹೋಗಿ ಐದು ಷರತ್ತು ಹಾಕಿದರೆ ಅಡುಗೆಯವರ ಕೈ ಅಭ್ಯಾಸಬಲದಿಂದ ನಾಮ್ ಪ್ಲಾ ಬಾಟಲಿಗೇ ಹೋಗುತ್ತದೆ, ಅವರ ತಪ್ಪಲ್ಲ. ಹತ್ತೂವರೆಗೆ ಅಥವಾ ಒಂದೂವರೆಯ ಮೇಲೆ ಹೋಗಿ. ಒಂದೇ ಗಾಡಿಗೆ, ಒಂದೇ ತಿಂಡಿಗೆ ಎರಡು ವಾರ ಬಿಡದೆ ಹೋದರೆ ಆಮೇಲೆ ಬಾಯಿ ಬಿಡುವ ಅಗತ್ಯವೇ ಇಲ್ಲ.

ರೂಮಿನಲ್ಲಿ ಅಡುಗೆಮನೆ ಇರುವುದಿಲ್ಲ, ಗ್ಯಾಸಿಗೆ ಬಿಡುವುದಿಲ್ಲ. ಒಂದು ಲೀಟರಿನ ರೈಸ್ ಕುಕ್ಕರ್ (ಸುಮಾರು 400 ಬಾಟ್), ಕರೆಂಟಿನ ಸಣ್ಣ ಬಾಣಲೆ (350 ಇರಬಹುದು), ಎರಡನ್ನೂ ಬಾಲ್ಕನಿಯಲ್ಲಿಡಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಬೇಡಿ. ನನ್ನ ಮೊದಲ ಬೋರ್ಡು ಕರಗಿಹೋಯಿತು. ಈಸಾನಿನ ಅಂಟು ಅಕ್ಕಿ ಸಾರಿಗೆ ಆಗಿಬರುವುದಿಲ್ಲ. ಹೊಮ್ ಮಾಲಿ ಅಕ್ಕಿಯ ಘಮ ಚೆನ್ನ, ಚಿತ್ರಾನ್ನಕ್ಕೆ ಮೆತ್ತಗಾಯಿತು. 'ಸಾವ್ ಹೈ' ಅಂತ ಕೇಳಿ ತನ್ನಿ, ಉದುರುದುರಾಗುವ ಅಕ್ಕಿ ಅದು, ಹೊಮ್ ಮಾಲಿಗಿಂತ ಅಗ್ಗ. ತೊಗರಿಬೇಳೆ ಊರಿನ ಸಂತೆಯಲ್ಲಿ ಸಿಗುವುದಿಲ್ಲ, ಹೆಸರುಬೇಳೆ 'ಥುವಾ ಥೋಂಗ್' ಅನ್ನುವ ಹೆಸರಲ್ಲಿ ಎಲ್ಲೆಲ್ಲೂ ಇದೆ. ಹುಣಸೆ, ಅರಿಶಿನ, ಕೊತ್ತಂಬರಿ, ಹಸಿಮೆಣಸು ಧಾರಾಳ, ತೆಂಗಿನಕಾಯಿಯನ್ನು ಮೆಷಿನ್‌ನಲ್ಲಿ ತುರಿದೇ ಕೊಡುತ್ತಾರೆ. ಜೀರಿಗೆ 'ಯೀರಾ'. ಸಾಸಿವೆ, ಕರಿಬೇವು, ತೊಗರಿಗೆ ಬ್ಯಾಂಕಾಕಿನ ಭಾರತೀಯರ ಪೇಟೆ ಫಾಹುರತ್‌ಗೇ ಹೋಗಬೇಕು. ಅಕ್ಟೋಬರ್ ರಜೆಯಲ್ಲಿ ಒಮ್ಮೆ ಹೋಗಿ ಆರು ತಿಂಗಳಿಗಾಗುವಷ್ಟು ತಂದಿಡಿ. ಇಂಗಿನ ವಿಷಯದಲ್ಲಿ ಒಂದು ಎಚ್ಚರ. 'ಮಹಾಹಿಂಗ್' ಅಂತ ಔಷಧದ ಅಂಗಡಿಯಲ್ಲಿ ಸಣ್ಣ ಸೀಸೆ ಸಿಗುತ್ತದೆ, ಮೂಸಿದರೆ ಇಂಗೇ. ಅದು ಮದ್ಯಸಾರದಲ್ಲಿ ಕರಗಿಸಿದ್ದು, ಮಗುವಿನ ಹೊಟ್ಟೆಯ ಮೇಲೆ ಹಚ್ಚುವುದಕ್ಕೆ. ಒಗ್ಗರಣೆಗೆ ತರಬೇಡಿ.

ರೂಮು. ಬಾಡಿಗೆ ಮೂರು ಸಾವಿರ, ಎರಡು ತಿಂಗಳ ಮುಂಗಡ, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ. ಕೈ ಸುಡುವುದು ಕರೆಂಟಿನಲ್ಲಿ. ಸರ್ಕಾರದ ದರ ಯೂನಿಟ್‌ಗೆ ನಾಲ್ಕು ಬಾಟ್ ಆಸುಪಾಸು, ರೂಮಿನ ಮಾಲೀಕರು ಏಳೋ ಎಂಟೋ ಹಾಕುತ್ತಾರೆ. 9,000 ಬಿಟಿಯು ಎಸಿ ರಾತ್ರಿಯಿಡೀ ಓಡಿದರೆ ಐದು ಯೂನಿಟ್, ಅಂದರೆ 40 ಬಾಟ್, ತಿಂಗಳಿಗೆ 1,200. ಮೊದಲ ಏಪ್ರಿಲ್‌ನಲ್ಲಿ ನನಗೆ ಅಷ್ಟೇ ಬಂದಿತ್ತು. ಫ್ಯಾನ್ ರಾತ್ರಿಗೆ ಅರ್ಧ ಯೂನಿಟ್ ಕೂಡ ತಿನ್ನುವುದಿಲ್ಲ. ಮಲಗುವ ಮುಂಚೆ ಒಂದು ಗಂಟೆ ಎಸಿಯನ್ನು 26ಕ್ಕೆ ಇಟ್ಟು, ಆಮೇಲೆ ಆರಿಸಿ ಫ್ಯಾನ್ ಹಾಕುವುದು ನನಗೆ ಒಗ್ಗಿದ ಕ್ರಮ. ಇದು ನಿಲ್ಲುವುದೂ ಬಿಡುವುದೂ ಗೋಡೆಯ ಮೇಲಿದೆ. ಪಡುವಣ ಗೋಡೆಯ ರೂಮು ಹತ್ತು ಗಂಟೆಯವರೆಗೂ ಕಾವು ಬಿಡುತ್ತಿರುತ್ತದೆ, ತಗಡಿನ ಕೆಳಗಿನ ಮೇಲ್ಮಹಡಿ ಇನ್ನೂ ಕೆಟ್ಟದ್ದು. ನಡುಮಹಡಿ, ಮೂಡಣ ಬಾಲ್ಕನಿ ಹುಡುಕಿ. ರೂಮಿಗೆ ಬಂದ ದಿನವೇ ಮೀಟರಿನ ಫೋಟೋ ತೆಗೆದಿಡಿ. ಯೂನಿಟ್ ದರವನ್ನು ಎಂಟರಿಂದ ಆರಕ್ಕೆ ಇಳಿಸಿಕೊಂಡ ಉಪಾಯ ಒಂದಿದೆ. ಮಾಲೀಕರೂ ಕನ್ನಡ ಕಲಿತುಬಿಟ್ಟಾರು ಅಂತ ಇಲ್ಲಿ ಬರೆಯುತ್ತಿಲ್ಲ.

ಕುಡಿಯುವ ನೀರಿಗೆ ಬೀದಿ ಬದಿಯ ಯಂತ್ರ, ಲೀಟರಿಗೆ ಒಂದು ಬಾಟ್. ಫಿಲ್ಟರ್ ಬದಲಿಸಿದ ದಿನಾಂಕದ ಚೀಟಿ ಅಂಟಿಸಿರುತ್ತಾರೆ, ಅದನ್ನು ಓದಿ. ವರ್ಷ ಬೌದ್ಧ ಶಕೆಯಲ್ಲಿರುತ್ತದೆ: 2568ರಲ್ಲಿ 543 ಕಳೆದರೆ 2025. ಹಾಲಿನ ಪೊಟ್ಟಣದ ಮೇಲೂ '68' ಅಂತಷ್ಟೇ ಇದ್ದರೆ ಗಾಬರಿ ಬೇಡ. ಗಂಟೆಯ ಲೆಕ್ಕವೂ ಬೇರೆ. ರಾತ್ರಿ ಏಳು ಗಂಟೆಗೆ ಒಂದು 'ಥುಮ್', ಎಂಟಕ್ಕೆ ಎರಡು ಥುಮ್. 'ಸೋಂಗ್ ಥುಮ್'ಗೆ ಊಟಕ್ಕೆ ಬನ್ನಿ ಅಂದರೆ ಎಂಟಕ್ಕೆ ಹೋಗಬೇಕು. ಸೋಂಗ್ ಅಂದರೆ ಎರಡು ಅಂತ ಮಧ್ಯಾಹ್ನ ಎರಡಕ್ಕೆ ಹೋದರೆ ಬಾಗಿಲು ಹಾಕಿರುತ್ತದೆ.

ಕಾಗದ ಪತ್ರಗಳಲ್ಲಿ ದುಡ್ಡು ಹೋಗುವ ಜಾಗ ಮಾತ್ರ ಹೇಳುತ್ತೇನೆ. ವೀಸಾ ವಿಸ್ತರಣೆ 1,900 ಬಾಟ್, ವರ್ಷದ ವರ್ಕ್ ಪರ್ಮಿಟ್ 3,000. ಇವನ್ನು ಶಾಲೆ ಕೊಡುತ್ತದೋ ನೀವೋ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ, ಬಾಯಿಮಾತು ನಡೆಯುವುದಿಲ್ಲ. ತೊಂಬತ್ತು ದಿನಕ್ಕೊಮ್ಮೆ ವಲಸೆ ಕಚೇರಿಗೆ ವಿಳಾಸ ತಿಳಿಸುವ ವರದಿಗೆ ಶುಲ್ಕವಿಲ್ಲ, 15 ದಿನ ಮುಂಚಿನಿಂದ 7 ದಿನ ಆಚೆಯವರೆಗೆ ಕೊಡಬಹುದು. ತಪ್ಪಿದರೆ ಎರಡು ಸಾವಿರ ದಂಡ. ರಜೆಗೆ ದೇಶ ಬಿಡುವ ಮುಂಚೆ ಮರುಪ್ರವೇಶದ ಪರ್ಮಿಟ್ ಮಾಡಿಸಲೇಬೇಕು, ಒಂದು ಸಲಕ್ಕೆ 1,000, ಎಷ್ಟು ಸಲವಾದರೂ ಹೋಗಿಬರಲು 3,800. ಅದಿಲ್ಲದೆ ವಿಮಾನ ಹತ್ತಿದರೆ ವಿಸ್ತರಣೆ ಅಲ್ಲೇ ಸತ್ತ ಹಾಗೆ, ಎಲ್ಲ ಮೊದಲಿನಿಂದ. ಮನೆಯಲ್ಲಿ ವಿದೇಶಿ ಇದ್ದಾರೆ ಅಂತ ತಿಳಿಸುವ ಟಿಎಂ 30 ಅರ್ಜಿಯನ್ನು ಮಾಲೀಕರು ಸಲ್ಲಿಸಿದ್ದಾರಾ ಅಂತ ಬಂದ ಮಾರನೇ ದಿನವೇ ಕೇಳಿ. ಅದಿಲ್ಲ ಅಂತ ವಿಸ್ತರಣೆಯ ದಿನ ಗೊತ್ತಾದರೆ ಖೊನ್ ಕೆನ್‌ಗೆ ಇನ್ನೊಂದು ಸುತ್ತು ಬಸ್ಸು.

ದೊಡ್ಡ ತಪ್ಪು ನಡೆದದ್ದು ಮೊದಲ ಸಂಬಳದ ಲೆಕ್ಕದಲ್ಲಿ. ವರ್ಕ್ ಪರ್ಮಿಟ್ ಬರದೆ ಬ್ಯಾಂಕ್ ಖಾತೆ ತೆರೆಯಲಿಲ್ಲ, ಖಾತೆ ಇಲ್ಲದೆ ಸಂಬಳ ಇಲ್ಲ. ಒಂದೂವರೆ ತಿಂಗಳು ಕೈಯಿಂದಲೇ. 25,000 ಬಾಟ್ ತಂದಿದ್ದೆ, ಸಾಲಲಿಲ್ಲ; 40,000 ಬೇಕು. ಹೊರದೇಶದ ಕಾರ್ಡಿನಲ್ಲಿ ಎಟಿಎಂನಿಂದ ತೆಗೆದರೆ ಸಲಕ್ಕೆ ಇನ್ನೂರು ಬಾಟ್‌ಗಿಂತ ಹೆಚ್ಚು ಹೋಗುತ್ತದೆ, ಎರಡೆರಡು ಸಾವಿರ ತೆಗೆಯುವುದು ಹುಚ್ಚುತನ. ಸಂಬಳ ಶುರುವಾದ ಮೇಲಿನ ಲೆಕ್ಕ ಸುಮಾರು ಹೀಗೆ: 22,000ದಲ್ಲಿ ಸಾಮಾಜಿಕ ಭದ್ರತೆಗೆ 750 ಕಡಿತ (2025ರವರೆಗಿನ ದರ). ಬಾಡಿಗೆ 3,000, ಕರೆಂಟು ನೀರು ಸೇರಿ 600, ಊಟಕ್ಕೆ ಐದು ಸಾವಿರ ಚಿಲ್ಲರೆ, ಓಡಾಟ 900, ಫೋನ್ 300, ಮೇಲುಖರ್ಚು ಒಂದೂವರೆ ಸಾವಿರ. ಉಳಿದದ್ದು ಒಂಬತ್ತೂವರೆ ಸಾವಿರ, ಕಾಗದ ಪತ್ರದ ತಿಂಗಳಲ್ಲಿ ಅದರ ಅರ್ಧ. ಒಪ್ಪಂದ ಹನ್ನೊಂದು ತಿಂಗಳದ್ದಾದರೆ ಏಪ್ರಿಲ್‌ಗೆ ಸಂಬಳವಿಲ್ಲ, ಅದನ್ನು ಮೊದಲೇ ಹಂಚಿ ಕಳೆದಿಡಿ.

ಶಾಲೆಯೊಳಗೆ ಉಸಿರು ಹೋಗುವುದು ಪಾಠದಿಂದಲ್ಲ, ಗಂಟಲಿನಿಂದ. ನಲವತ್ತೆರಡು ಮಕ್ಕಳು, ನಾಲ್ಕು ಸೀಲಿಂಗ್ ಫ್ಯಾನ್, ವಾರಕ್ಕೆ ಇಪ್ಪತ್ತು ಪೀರಿಯಡ್. ಸೊಂಟಕ್ಕೆ ಕಟ್ಟುವ ಸ್ಪೀಕರ್ ತಗೊಳ್ಳಿ. 300ರದ್ದು ಎರಡು ತಿಂಗಳಿಗೆ ಸತ್ತಿತು, 700ರದ್ದು ಇನ್ನೂ ಓಡುತ್ತಿದೆ. ಹೊಟ್ಟೆಯ ಮೇಲೆ ಕಟ್ಟಿದರೆ ಮೈಕಿಗೆ ಅದರ ದನಿಯೇ ಸೇರಿ ಕೀಂಯ್ ಅನ್ನುತ್ತದೆ, ಬೆನ್ನ ಕಡೆಗೆ ತಿರುಗಿಸಿ ಕಟ್ಟಿ. ಹಾಜರಿಗೆ ಉದ್ದನೆಯ ಹೆಸರು ಬೇಡ, ಕ್ರಮಸಂಖ್ಯೆ (ಲೇಕ್ ಥೀ) ಮತ್ತು ಅಡ್ಡಹೆಸರು (ಛು ಲೆನ್) ಬರೆದ ಹಾಳೆ ಮಾಡಿಕೊಳ್ಳಿ. ಆಹಾರ ಆಹಾನ್ ಆದ ಸೂತ್ರವೇ ಮಕ್ಕಳ ಇಂಗ್ಲಿಷಿನಲ್ಲೂ ಕೆಲಸ ಮಾಡುತ್ತದೆ: ಫುಟ್‌ಬಾಲ್ 'ಫುತ್‌ಬೋನ್' ಆಗುತ್ತದೆ. ಅದು ಸೋಮಾರಿತನವಲ್ಲ, ಅವರ ಬಾಯಲ್ಲಿ ಪದದ ಕೊನೆಗೆ ಲ ನಿಲ್ಲುವುದಿಲ್ಲ. ಕೊನೆಯ ಲಕಾರಕ್ಕೇ ಎರಡು ವಾರ ಕೊಟ್ಟೆ, ಉಳಿದದ್ದು ಹಗುರಾಯಿತು. ಬಟ್ಟೆಯ ಬಣ್ಣ ದಿನಕ್ಕೊಂದು, ಸೋಮವಾರ ಹಳದಿ, ಶುಕ್ರವಾರ ಥಾಯ್ ನೇಯ್ಗೆ. ಶಾಲೆ ಶಾಲೆಗೆ ಬದಲಾಗುತ್ತದೆ, ಕೇಳಿಕೊಂಡು ಸಂತೆಯಲ್ಲೇ ಕೊಳ್ಳಿ. ಲೇಸ್ ಇಲ್ಲದ ಬೂಟು, ದಿನಕ್ಕೆ ಹತ್ತು ಸಲ ಬಿಚ್ಚಬೇಕು. ಬೆಳಿಗ್ಗೆ ಎಂಟಕ್ಕೆ ರಾಷ್ಟ್ರಗೀತೆ ಕೇಳಿದಲ್ಲೇ ನಿಲ್ಲಿ.

ಸ್ಟಾಫ್ ರೂಮಿನಲ್ಲಿ 'ಕಿನ್ ಖಾವ್ ರು ಯಂಗ್' ಅಂತ ಕೇಳುತ್ತಾರೆ. ಅದು 'ಊಟ ಆಯ್ತಾ?' ಅಷ್ಟೇ. ಬಿಳಿಯ ಮೇಷ್ಟ್ರುಗಳು ಅದನ್ನು ಊಟಕ್ಕೆ ಕರೆದರು ಅಂತ ತಿಳಿದುಕೊಳ್ಳುತ್ತಾರೆ, ನಮಗೆ ಆ ತೊಂದರೆ ಇಲ್ಲ. 'ಕಿನ್ ಲೇವ್' (ಆಯ್ತು) ಅಂದುಬಿಡಿ. 'ಯಂಗ್' (ಇನ್ನೂ ಇಲ್ಲ) ಅಂತ ಹೇಳಿದರೆ ಹಂದಿ ಮಾಂಸದ ಡಬ್ಬಿ ಮುಂದೆ ಬರುತ್ತದೆ. ಹಿರಿಯರನ್ನು 'ಫೀ' ಸೇರಿಸಿ ಕರೆಯುವುದೂ ನಮ್ಮ ಅಕ್ಕ, ಅಣ್ಣನ ಹಾಗೇ. ಬರಿ ಹೆಸರು ಕೂಗಿದರೆ ಏನೂ ಅನ್ನುವುದಿಲ್ಲ, ಆದರೆ ನಾಳೆಯ ಪೀರಿಯಡ್ ರದ್ದಾದ ಸುದ್ದಿ ನಿಮಗೆ ಮಾತ್ರ ಬರುವುದಿಲ್ಲ.

ಕೊನೆಗೆ ಇಡ್ಲಿ, ಕೇಳುತ್ತಿರುವವರು ಬಹಳ. ಮೊದಲ ಮೂರು ಸಲ ಹಿಟ್ಟು ಉಬ್ಬಲಿಲ್ಲ. 'ಥುವಾ ದಮ್' ಅಂದರೆ ಕಪ್ಪು ಕಾಳು ಅಂತ ತಂದದ್ದು ಉದ್ದಾಗಿರಲಿಲ್ಲ, ಬೇರೆಯೇ ಕಪ್ಪು ಕಾಳು. ಉದ್ದಿಗೆ ಇಲ್ಲಿ 'ಥುವಾ ಖಿಯಾವ್ ಫಿವ್ ದಮ್', ಕಪ್ಪು ಸಿಪ್ಪೆಯ ಹೆಸರುಕಾಳು, ಅನ್ನುತ್ತಾರೆ. ಮೊಳಕೆ ಮಾಡಿ ಮಾರುವವರ ಹತ್ತಿರ ಸಿಗುತ್ತದೆ. ಬಿತ್ತನೆಗೆ ಔಷಧಿ ಸವರಿದ, ಬಣ್ಣ ಹಾಕಿದ ಕಾಳು ಮುಟ್ಟಬೇಡಿ, ತಿನ್ನುವ ಮೊಳಕೆಗೆ ಇಟ್ಟಿದ್ದನ್ನೇ ಕೇಳಿ. ಐದು ಗಂಟೆ ನೆನೆಸಿ ಕೈಯಲ್ಲಿ ಉಜ್ಜಿ ಸಿಪ್ಪೆ ತೇಲಿಸಿ. ಒಂದು ಪಾಲು ಉದ್ದು, ಮೂರು ಪಾಲು ಸಾವ್ ಹೈ. ಸಣ್ಣ ಬ್ಲೆಂಡರ್ ಬಿಸಿಯಾಗಿ ಹಿಟ್ಟು ಸಾಯುತ್ತದೆ, ಎರಡು ಐಸ್ ತುಂಡು ಹಾಕಿ ರುಬ್ಬಿ. ಮೇ ತಿಂಗಳಲ್ಲಿ ಏಳು ಗಂಟೆ ಸಾಕು, ಡಿಸೆಂಬರ್‌ನಲ್ಲಿ ರಾತ್ರಿಯಿಡೀ ಇಟ್ಟರೂ ಕಡಿಮೆ, ಈಸಾನಿಗೆ ಚಳಿ ಬರುತ್ತದೆ. ಇಡ್ಲಿ ತಟ್ಟೆ ಇಲ್ಲದಿದ್ದರೆ ಸಂತೆಯಲ್ಲಿ ತೆಂಗಿನ ಹಾಲಿನ ತಿಂಡಿ ಬೇಯಿಸುವ ಪುಟ್ಟ ಪಿಂಗಾಣಿ ಬಟ್ಟಲು, 'ಥುವೈ ತಲೈ', ಡಜನ್ ಲೆಕ್ಕದಲ್ಲಿ ಸಿಗುತ್ತದೆ. ಎಣ್ಣೆ ಸವರಿ ಮುಕ್ಕಾಲು ತುಂಬಿಸಿ ಅಲ್ಯೂಮಿನಿಯಂ ಹಬೆಪಾತ್ರೆಯಲ್ಲಿ ಹನ್ನೆರಡು ನಿಮಿಷ. ಬಿಸಿ ಇರುವಾಗಲೇ ಕೀಳಬೇಡಿ, ತಳ ಅಲ್ಲೇ ಉಳಿಯುತ್ತದೆ.